ವಸಡಿನ ರಕ್ತ ಮತ್ತು ಉಮ್ಮನ ಶುಗರ್

ಉಮ್ಮ ಊರಿನಿಂದ ದಿಲ್ಲಿಯ ರೋಹಿಣಿಯಲ್ಲಿರುವ ನಮ್ಮ ಮನೆಗೆ ಬಂದಾಗ ಅವರ ಚೀಲದಲ್ಲಿ ಎರಡು ವಸ್ತು ತಪ್ಪದೆ ಇದ್ದವು: ಶುಗರ್ ಮಾತ್ರೆ ಮತ್ತು ಮಿಸ್ವಾಕ್. ಒಂದು ದಿನ ಸುಬಹಿಯ ವುಝೂ ಮಾಡುವಾಗ ಅವರು ಉಗುಳಿದ ನೀರಿನಲ್ಲಿ ರಕ್ತ ಕಂಡಿತು. ಕೇಳಿದರೆ, "ಅದು ಎರಡು ವರ್ಷದಿಂದ ಇದೆ ಮಗಾ, ವಯಸ್ಸಾಯಿತಲ್ಲ" ಎಂದರು.

ಕೈಯಿಂದ ದಿನಾ ರಕ್ತ ಬಂದಿದ್ದರೆ ಎರಡು ವರ್ಷ ಸುಮ್ಮನೆ ಇರುತ್ತಿದ್ದೆವಾ? ವಸಡು ಎಂದರೆ ಮಾತ್ರ ನಮಗೆ ಅಷ್ಟು ಸಸಾರ. ಆ ಎರಡು ವರ್ಷವೂ ಉಮ್ಮನ ಶುಗರ್ ಹತೋಟಿಗೆ ಬಂದಿರಲಿಲ್ಲ. ಮಾತ್ರೆ ಹೆಚ್ಚಾಗುತ್ತಾ ಹೋಯಿತೇ ಹೊರತು ಬಾಯಿ ತೆರೆಸಿ ನೋಡಿದವರು ಯಾರೂ ಇಲ್ಲ. ನಾನೂ ನೋಡಿರಲಿಲ್ಲ.

ಹಲ್ಲಿನ ಬುಡದಲ್ಲಿ ರೋಗಾಣುಗಳ ಅಂಟಾದ ಪದರ ದಿನವೂ ಕೂರುತ್ತದೆ. ಉಜ್ಜಿ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಊದಿ ರಕ್ತ ಒಸರುತ್ತದೆ. ಈ ಹಂತದಲ್ಲಿ ಚಿಕಿತ್ಸೆ ಮಾಡಿದರೆ ವಸಡು ಮೊದಲಿನಂತಾಗುತ್ತದೆ. ಬಿಟ್ಟರೆ ಸೋಂಕು ಒಳಗಿಳಿದು ಹಲ್ಲು ಹಿಡಿದಿರುವ ಎಲುಬನ್ನೇ ಸವೆಸುತ್ತದೆ. ಸವೆದ ಎಲುಬು ಸಾಮಾನ್ಯವಾಗಿ ತಾನಾಗಿ ಮರಳುವುದಿಲ್ಲ. ನೋವು ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ಹಲ್ಲು ಅಲ್ಲಾಡುವವರೆಗೂ ಗೊತ್ತಾಗುವುದಿಲ್ಲ.

ಇದು ಬಾಯಿಗಷ್ಟೇ ಮುಗಿಯುವ ಸಂಗತಿಯಲ್ಲ. ವಸಡಿನ ಹುಣ್ಣಿನಿಂದ ರೋಗಾಣುಗಳೂ ಉರಿಯೂತದ ರಾಸಾಯನಿಕಗಳೂ ರಕ್ತಕ್ಕೆ ಸೇರುತ್ತವೆ. ಆಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಶುಗರ್ ಏರುತ್ತದೆ. ಏರಿದ ಶುಗರ್ ಸೋಂಕಿನ ಎದುರು ದೇಹವನ್ನು ಸೋಲಿಸುತ್ತದೆ, ವಸಡು ಇನ್ನಷ್ಟು ಕೆಡುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಶುಗರ್ ಇರುವವರ ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯುತ್ತದೆಂದು ಅಧ್ಯಯನಗಳು ಹೇಳುತ್ತವೆ. ವಸಡಿನ ರೋಗ ಇರುವವರಲ್ಲಿ ಹೃದ್ರೋಗವೂ ಹೆಚ್ಚು ಕಾಣುತ್ತದೆ. ಆದರೆ ಅದಕ್ಕೆ ವಸಡೇ ಕಾರಣ ಎಂದು ಸಾಬೀತಾಗಿಲ್ಲ.

"ನಾನು ಮಿಸ್ವಾಕ್ ಮಾಡುತ್ತೇನಲ್ಲ" ಎಂಬುದು ಉಮ್ಮನ ಪ್ರಶ್ನೆ. ಪ್ರವಾದಿ(ಸ)ರು ಬಹಳ ಪ್ರೀತಿಸಿದ ಅಭ್ಯಾಸವದು. ವಿಶ್ವ ಆರೋಗ್ಯ ಸಂಸ್ಥೆಯೂ 1986ರಲ್ಲಿ ಅದರ ಬಳಕೆಯನ್ನು ಪ್ರೋತ್ಸಾಹಿಸಿತ್ತು. ಆದರೆ ಮುಂದಿನ ಹಲ್ಲುಗಳಿಗಷ್ಟೇ ಎರಡು ಸಲ ಎಳೆದರೆ ಸಾಲದು. ಒಳಬದಿ, ದವಡೆ ಹಲ್ಲು, ಸಂದು ಎಲ್ಲವೂ ಶುಚಿಯಾಗಬೇಕು. ಒಮ್ಮೆ ಗಟ್ಟಿಯಾದ ಕಿಟ್ಟವನ್ನು ಮಿಸ್ವಾಕೂ ತೆಗೆಯದು, ಬ್ರಶ್ಶೂ ತೆಗೆಯದು.

ರೋಹಿಣಿಯಿಂದ ಮೆಟ್ರೊ ಹತ್ತಿ ಕಾಶ್ಮೀರಿ ಗೇಟ್‌ನಲ್ಲಿ ಬದಲಿಸಿದರೆ ಜಾಮಾ ಮಸೀದಿ ಸಿಗುತ್ತದೆ. ಅಲ್ಲಿನ ಬೀದಿಯಲ್ಲಿ ಮಿಸ್ವಾಕ್ ಮಾರುತ್ತಾರೆ. ಮುಂದಿನ ನಿಲ್ದಾಣ ದಿಲ್ಲಿ ಗೇಟ್. ಅದರ ಹತ್ತಿರವೇ ಸರಕಾರಿ ಮೌಲಾನಾ ಆಝಾದ್ ದಂತ ವಿಜ್ಞಾನ ಸಂಸ್ಥೆ ಇದೆ. ಉಮ್ಮನಿಗೆ ಬೇಕಾಗಿದ್ದದ್ದು ಎರಡೂ. ನಾವು ಎರಡು ವರ್ಷ ಮೊದಲನೆಯದರಲ್ಲೇ ಇಳಿದುಬಿಟ್ಟಿದ್ದೆವು.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ನಿಜವೆಂದರೆ ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಮರೆಮಾಡಿರುತ್ತದೆ. ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸುವುದೂ ತಪ್ಪು. ಮೃದು ಬ್ರಶ್‌ನಿಂದ ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಿ. ಬೀಡಿ, ಸಿಗರೇಟು, ಜರ್ದಾ ಬಿಡಿ. ಹೊಗೆ ಸೇದುವವರ ವಸಡು ರಕ್ತ ತೋರಿಸದೆಯೇ ಒಳಗೆ ಹಾಳಾಗಬಹುದು. ಗರ್ಭಿಣಿಯರೂ ಶುಗರ್ ಇರುವವರೂ ವೈದ್ಯರಲ್ಲಿ ಬಾಯಿಯ ವಿಷಯವನ್ನು ತಾವಾಗಿಯೇ ಎತ್ತಬೇಕು.

ಉಮ್ಮನ ಎರಡು ದವಡೆ ಹಲ್ಲು ಉಳಿಯಲಿಲ್ಲ. ಉಳಿದವು ಗಟ್ಟಿಯಾಗಿವೆ. ಮಾತ್ರೆ ಮುಂದುವರಿದಿದೆ, ಶುಗರ್ ಸ್ವಲ್ಪ ಇಳಿದಿದೆ. ದೇಹ ಅಲ್ಲಾಹನು ಕೊಟ್ಟ ಅಮಾನತ್ ಎಂದು ನಾವು ಹೇಳುತ್ತೇವೆ. ಇವತ್ತು ರಾತ್ರಿ ಮನೆಯ ಹಿರಿಯರಲ್ಲಿ ಒಂದು ಮಾತು ಕೇಳಿ: ಉಗುಳುವಾಗ ರಕ್ತ ಬರುತ್ತದೆಯೇ?