ಸೂರ್ಯನ ಮೇಲಣ ಉಯ್ಯಾಲೆ

ಕ್ರಿ. ಶ. ೧೮೬೮ನೆಯ ಆಗಸ್ಟ್ ೧೮ರ ಪೂರ್ಣಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ಲರು ನಮ್ಮ ಜಮಖಂಡಿಯಲ್ಲಿ ದೂರದರ್ಶಕವನ್ನು ಹೂಡಿದ್ದರು. ಮೋಡಗಳ ಕಾಟ ಬೇರೆ. ಆದರೂ ಮೋಡ ಸರಿದ ಅಲ್ಪಕಾಲದಲ್ಲಿಯೇ, ಚಂದ್ರನ ಕರಿಯ ಬಿಂಬದ ಅಂಚಿನಿಂದ ಚಾಚಿದ್ದ ಕೆಂಪು ನಾಲಗೆಯ ಬೆಳಕನ್ನು ರೋಹಿತದರ್ಶಕಕ್ಕೆ ಹಾಯಿಸಿ, ಅದರಲ್ಲಿ ಬಿಡಿಬಿಡಿಯಾದ ಹೊಳೆವ ಗೆರೆಗಳನ್ನು ಕಂಡರು. ಅಂತಹ ಗೆರೆಗಳು ಕಾದ ವಿರಳ ಅನಿಲದ ಗುರುತು. ಅದೇ ದಿನ ಗುಂಟೂರಿನಲ್ಲಿ ಜಾನ್ಸೆನ್ನರು ಕಂಡದ್ದೂ ಇದನ್ನೇ. ಈ ನಾಲಗೆಗಳನ್ನು ನಾವು ಸೌರಚಾಚಿಕೆಗಳೆಂದು ಕರೆಯೋಣ.

ಚಾಚಿಕೆಯ ಉಷ್ಣತೆ ಸುಮಾರು ೮,೦೦೦ ಡಿಗ್ರಿ. ಅದನ್ನು ಸುತ್ತುವರಿದ ಪ್ರಭಾವಲಯದ್ದು ಹತ್ತು ಲಕ್ಷಕ್ಕೂ ಮಿಗಿಲು. ಚಾಚಿಕೆಯ ಸಾಂದ್ರತೆಯಾದರೋ ಸುತ್ತಲಿನದರ ನೂರು ಮಡಿಯಷ್ಟು. ಇಷ್ಟು ಭಾರವಾದ ವಸ್ತುವು ವಾರಗಟ್ಟಲೆ ಬೀಳದೆ ನಿಲ್ಲುವುದು ಹೇಗೆ? ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಇಂತಹ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಅದು ಕಾಂತರೇಖೆಗಳ ಉದ್ದಕ್ಕೆ ಹರಿಯಬಲ್ಲುದೇ ಹೊರತು ಅವುಗಳನ್ನು ಅಡ್ಡಹಾಯ್ದು ಹೋಗಲಾರದು. ಆದುದರಿಂದ ರೇಖೆಗಳು ತೊಟ್ಟಿಲಿನಂತೆ ತಗ್ಗಿದಲ್ಲಿ ಅದು ತಂಗುವುದು. ಆದರೆ ಆ ತೊಟ್ಟಿಲು ಕಣ್ಣಿಗೆ ಕಾಣದು!

ಸಮೀಪದಲ್ಲೊಂದು ಸ್ಫೋಟವಾಗಿ ಚಾಚಿಕೆಗೆ ಧಕ್ಕೆ ತಗಲಿದರೆ ಅದು ತೂಗಾಡತೊಡಗುವುದು. ಬೆಳುವಾಯಿಯ ಹಿತ್ತಿಲೊಂದರಲ್ಲಿ ಹಲಸಿನ ಕೊಂಬೆಗೆ ಉಯ್ಯಾಲೆ ಕಟ್ಟಿದೆಯೆನ್ನಿ. ಮೊಮ್ಮಗಳು ಕುಳಿತರೂ ಅಜ್ಜ ಕುಳಿತರೂ ಒಮ್ಮೆ ಹೋಗಿಬರುವ ಹೊತ್ತು ಹೆಚ್ಚುಕಡಮೆ ಒಂದೇ. ಅದನ್ನು ಗೊತ್ತುಮಾಡುವುವು ಹಗ್ಗದ ಉದ್ದ, ಭೂಮಿಯ ಸೆಳೆತ, ಇವೆರಡೇ. ನಾಲ್ಕು ಮೀಟರಿನ ಹಗ್ಗಕ್ಕೆ ನಾಲ್ಕು ಸೆಕೆಂಡು. ಗೋಡೆಯಾಚೆ ನಿಂತು ತಲೆಯ ಓಡಾಟವನ್ನಷ್ಟೆ ನೋಡುವವನೂ ಹಗ್ಗದ ಉದ್ದವನ್ನು ಹೇಳಬಹುದು.

೨೦೧೨ರಲ್ಲಿ ಲೂನಾ, ಕಾರ್ಪೆನ್ ಎಂಬ ವಿದ್ವಾಂಸರು ಇದೇ ಲೆಕ್ಕವನ್ನು ಸೂರ್ಯನಿಗೆ ಹೊಂದಿಸಿದರು. ಇಲ್ಲಿ ಹಗ್ಗದ ಸ್ಥಾನದಲ್ಲಿರುವುದು ರೇಖೆಯ ಬಾಗಿನ ತ್ರಿಜ್ಯ. ಸೂರ್ಯನ ಸೆಳೆತ ನಮ್ಮದರ ೨೮ ಮಡಿ. ತೂಗಾಟಕ್ಕೆ ಒಂದು ಗಂಟೆ ಹಿಡಿದರೆ ತ್ರಿಜ್ಯವು ಸುಮಾರು ೯೦,೦೦೦ ಕಿಲೋಮೀಟರು, ಎಂದರೆ ಏಳು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು! ಆ ಭಾರವನ್ನು ಹೊರಲು ಕಾಂತಕ್ಷೇತ್ರಕ್ಕೆ ಕನಿಷ್ಠ ಎಷ್ಟು ಬಲವಿರಬೇಕೆಂಬುದನ್ನೂ ಇದರಿಂದ ಅಂದಾಜು ಮಾಡಬಹುದು. ತೂಗಾಟ ರೇಖೆಗಳಿಗೆ ಅಡ್ಡಲಾಗಿದ್ದರೆ ಮಾತ್ರ ಈ ಲೆಕ್ಕ ಸಲ್ಲದು. ಆಗ ಅವು ವೀಣೆಯ ತಂತಿಗಳಂತೆ ಬಿಗಿತದಿಂದ ಮಿಡಿಯುವುವು.

ಇದು ಬರಿಯ ಕುತೂಹಲವಲ್ಲ. ತೊಟ್ಟಿಲು ಹರಿದು ಚಾಚಿಕೆ ಸಿಡಿದರೆ ಪ್ಲಾಸ್ಮಾ ಭೂಮಿಯತ್ತಲೂ ಬರಬಹುದು. ೧೯೮೯ರ ಮಾರ್ಚ್ ೧೩ರಂದು ಸೂರ್ಯನಿಂದ ಸಿಡಿದ ಪ್ಲಾಸ್ಮಾ ಎಬ್ಬಿಸಿದ ಕಾಂತಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತವು ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತು. ಸಿಡಿಯುವ ಮುನ್ನ ತೂಗಾಡಿದ ಚಾಚಿಕೆಗಳನ್ನೂ ಕಂಡಿರುವರು. ಆದರೆ ತೂಗಿದುದೆಲ್ಲ ಸಿಡಿಯುವುದಿಲ್ಲ. ಬಹುಪಾಲು ತೂಗಾಟಗಳು ಕೆಲವೇ ಸುತ್ತುಗಳಲ್ಲಿ ಅಡಗುತ್ತವೆ. ಅಷ್ಟು ಬೇಗ ಅಡಗುವುದೇಕೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ.