ರೋಮನರ ಸ್ನೇಹವೂ ಕಿತ್ತೂರಿನ ಅನುಭವವೂ

ಬಲಾಢ್ಯನು ನೆರೆಯ ನಾಡನ್ನು ಹೊಗುವದು ಯಾವಾಗಲೂ ಶತ್ರುವಿನ ವೇಷದಿಂದಲ್ಲ. ಅನೇಕ ವೇಳೆ ಸ್ನೇಹಿತನಾಗಿಯೇ ಹೊಗುತ್ತಾನೆ. ಇದನ್ನು ರೋಮನರ ಚರಿತ್ರೆಯಿಂದಲೂ ನಮ್ಮ ಸೀಮೆಯ ಚರಿತ್ರೆಯಿಂದಲೂ ನಾವು ತಿಳಿಯಬಹುದು.

ಕ್ರಿ. ಪೂ. 197ರಲ್ಲಿ ರೋಮನರು ಮಕೆದೋನ್ಯದ ಅರಸನನ್ನು ಸೋಲಿಸಿದರು. ಮರುವರ್ಷ ಅವರ ಸೇನಾಪತಿಯಾದ ಫ್ಲಾಮಿನೀನನು ಕೊರಿಂಥದ ಬಳಿಯ ಕ್ರೀಡೋತ್ಸವದಲ್ಲಿ ಗ್ರೀಕರು ಸ್ವತಂತ್ರರೆಂದು ಸಾರಿಸಿದನು. ಜನರು ಹರ್ಷದಿಂದ ಕೂಗಿದರು. ಆದರೆ ದಾನವಾಗಿ ಬಂದ ಸ್ವಾತಂತ್ರ್ಯದ ಅರ್ಥವನ್ನು ಹೇಳುವ ಅಧಿಕಾರವು ದಾನಿಯ ಕೈಯಲ್ಲಿಯೇ ಉಳಿಯಿತು. ಐವತ್ತು ವರ್ಷಗಳ ತರುವಾಯ, ಕ್ರಿ. ಪೂ. 146ರಲ್ಲಿ, ಅದೇ ಕೊರಿಂಥವನ್ನು ರೋಮನರ ಸೈನ್ಯವು ಸುಟ್ಟು ಹಾಳುಮಾಡಿತು.

ಇನ್ನು ಕಿತ್ತೂರಿನ ಸಂಗತಿ. 1818ರಲ್ಲಿ ಪೇಶವೆಯ ಆಳಿಕೆಯು ಮುಗಿದಾಗ ಕುಂಪಣಿ ಸರಕಾರವು ಕಿತ್ತೂರಿನ ದೇಸಾಯರನ್ನು ಅವರ ಸಂಸ್ಥಾನದಲ್ಲಿಯೇ ಉಳಿಸಿತು. 1824ರ ಸಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜ ದೇಸಾಯರು ಮಕ್ಕಳಿಲ್ಲದೆ ತೀರಿಕೊಂಡರು. ಅವರ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ಮನೆತನಕ್ಕೆ ಮಗನಾರೆಂಬದನ್ನು ಮನೆಯವರು ನಿರ್ಣಯಿಸಬೇಕೋ, ರಕ್ಷಕನೆನಿಸಿಕೊಂಡವನು ನಿರ್ಣಯಿಸಬೇಕೋ ಎಂಬದೇ ವಿವಾದವಾಯಿತು. ರಾಣಿ ಚೆನ್ನಮ್ಮನವರು ಮಣಿಯಲಿಲ್ಲ. ಅಕ್ಟೋಬರ 23ರಂದು ಥ್ಯಾಕರೆಯು ಕಾಳಗದಲ್ಲಿ ಹತನಾದನು. ಡಿಸೆಂಬರದಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಪ್ರಾಣಬಿಟ್ಟರು. ಗ್ರೀಸ ದೇಶಕ್ಕೂ ಕಿತ್ತೂರಿಗೂ ಅಳತೆಯಲ್ಲಿ ಬಹಳ ಅಂತರವುಂಟು; ನಡೆದ ಕ್ರಮವು ಮಾತ್ರ ಒಂದೇ.

ಗೆದ್ದವರ ಮೇಲೆ ಸೋತವರ ವಿದ್ಯೆಯೂ ಕೆಲಸಮಾಡುವದುಂಟು. ಕ್ರಿ. ಪೂ. 167ರಲ್ಲಿ ಒತ್ತೆಯಾಳಾಗಿ ರೋಮಿಗೆ ಒಯ್ಯಲ್ಪಟ್ಟ ಪೊಲಿಬಿಯನೆಂಬ ಗ್ರೀಕನೇ ರೋಮಿನ ಏಳಿಗೆಯ ಚರಿತ್ರೆಯನ್ನು ಬರೆದನು. ರೋಮಿನ ಶ್ರೀಮಂತರು ತಮ್ಮ ಮಕ್ಕಳಿಗೆ ಗ್ರೀಕ ಉಪಾಧ್ಯಾಯರನ್ನಿಟ್ಟರು. ಕೊರಿಂಥವು ಹಾಳಾಗಿ ಸುಮಾರು ಎರಡು ಶತಮಾನಗಳ ಮೇಲೆ ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರವೂ ಗ್ರೀಕ ಭಾಷೆಯಲ್ಲಿಯೇ ಇದೆ. ಇತ್ತ ಕಿತ್ತೂರಿನಲ್ಲಿ ಸೆರೆಸಿಕ್ಕಿದವರಲ್ಲಿ ವಾಲ್ಟರ ಎಲಿಯಟನೆಂಬ ತರುಣ ಅಧಿಕಾರಿಯೊಬ್ಬನಿದ್ದನು. ಜೀವಸಹಿತ ಬಿಡುಗಡೆ ಹೊಂದಿದ ಅವನು ಮುಂದೆ ಈ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಕೂಡಿಸಿದನು; ಚಾಲುಕ್ಯರ ಚರಿತ್ರೆಯು ಬೆಳಕಿಗೆ ಬರಲು ಅವು ಸಹಾಯವಾದವು.

ಇದರಿಂದ ಕಿತ್ತೂರಿನ ನಷ್ಟವು ತುಂಬಿತೆಂದು ನಾವು ಹೇಳಲಾರೆವು. ಶಾಸನದ ಪ್ರತಿಯು ಕಳೆದ ರಾಜ್ಯವನ್ನು ತಿರುಗಿ ಕೊಡಲಾರದು. ಆದುದರಿಂದ ನಮ್ಮ ಹೆಣ್ಣುಮಕ್ಕಳು ಚರಿತ್ರೆಯನ್ನೋದುವಾಗ ಇಸವಿಗಳನ್ನು ಬಾಯಿಪಾಠ ಮಾಡುವದರ ಜೊತೆಗೆ ಒಂದು ಪ್ರಶ್ನೆಯನ್ನು ಕೇಳಲು ಕಲಿಯಲಿ: ಸ್ನೇಹದ ಕರಾರಿಗೆ ಅರ್ಥ ಹೇಳುವವರು ಯಾರು? ಆ ಅಧಿಕಾರವು ಒಬ್ಬರ ಕೈಯಲ್ಲಿಯೇ ಇದ್ದರೆ, ಅದು ನಾಡುಗಳೊಳಗಾಗಲಿ ಮನೆಗಳೊಳಗಾಗಲಿ, ಸ್ನೇಹವೆನಿಸದು.