ಲೋಕಸಭೆಗೊಂದು ತೀರ್ಪು, ವಿಧಾನಸಭೆಗೊಂದು ತೀರ್ಪು

ಮಹಾಚುನಾವಣೆಯೊಂದು ಮುಗಿದು ಕೇಂದ್ರದಲ್ಲಿ ಹೊಸ ಸರ್ಕಾರವು ಪ್ರಮಾಣವಚನ ಸ್ವೀಕರಿಸಿದೊಡನೆ ನಮ್ಮ ಹಳ್ಳಿಗಳ ಜಗಲಿಕಟ್ಟೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: “ದೆಹಲಿಯಲ್ಲಿ ಬೇರೆ ಪಕ್ಷ ಗೆದ್ದಿತಲ್ಲ, ಇನ್ನು ಬೆಂಗಳೂರಿನ ಸರ್ಕಾರದ ಗತಿಯೇನು?” ಪೌರನೀತಿಯ ತರಗತಿಯಲ್ಲಿ ಮಕ್ಕಳು ಕೇಳುವುದೂ ಇದನ್ನೇ. ಈ ಪ್ರಶ್ನೆಗೆ ನಮ್ಮ ಗಣರಾಜ್ಯವು ಉತ್ತರ ಕಂಡುಕೊಂಡ ಬಗೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಉಪಾಧ್ಯಾಯ ಬಂಧುಗಳಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಚನ್ನರಾಯನದುರ್ಗದ ಬೆಟ್ಟದ ಕೋಟೆಯು ಮಧುಗಿರಿಯ ಪಾಳೆಯಗಾರರಿಂದ ಮೈಸೂರಿನವರಿಗೆ, ನಡುವೆ ಮರಾಠರಿಗೆ ಕೈ ಬದಲಾಯಿಸಿದ ಕಾಲದಲ್ಲಿ ಇಂಥ ಪ್ರಶ್ನೆಗೆ ಎಡೆಯಿರಲಿಲ್ಲ. ಮೇಲಿನ ಬಾವುಟ ಬದಲಾದರೆ ಕೆಳಗಿನ ಹೊಲದ ಕಂದಾಯವೂ ಹೊಸ ಒಡೆಯನಿಗೇ ಸಲ್ಲುತ್ತಿತ್ತು. ಸಂವಿಧಾನವು ಈ ಕ್ರಮವನ್ನು ಮುರಿದು, ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರದ ಪಟ್ಟಿಗಳನ್ನು ಬೇರೆಬೇರೆಯಾಗಿ ಬರೆಯಿತು. ಆದರೂ ಹಳೆಯ ಅಭ್ಯಾಸವು ಬೇಗನೆ ಬಿಡಲಿಲ್ಲ. 1977ರ ಮಾರ್ಚ್‌ನಲ್ಲಿ ಜನತಾ ಪಕ್ಷವು ಕೇಂದ್ರದಲ್ಲಿ ಅಧಿಕಾರಕ್ಕೆ ಬಂದಾಗ ಗೃಹಮಂತ್ರಿ ಚರಣಸಿಂಗರು, ಲೋಕಸಭಾ ಚುನಾವಣೆಯಲ್ಲಿ ಸೋತ ಕಾಂಗ್ರೆಸ್ಸಿಗೆ ಜನರ ವಿಶ್ವಾಸವಿಲ್ಲವೆಂಬ ತರ್ಕದ ಮೇಲೆ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಅಲ್ಲಿನ ಮುಖ್ಯಮಂತ್ರಿಗಳಿಗೆ ಸೂಚಿಸಿದರು. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದಾಗ ಅದೇ ಅಸ್ತ್ರವನ್ನು ಒಂಬತ್ತು ರಾಜ್ಯಗಳ ಮೇಲೆ ತಿರುಗಿಸಿದರು. 1977ರ ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ. ಉತ್ತರ ಭಾರತವು ಕಾಂಗ್ರೆಸ್ಸನ್ನು ತೊಡೆದುಹಾಕಿದ ಆ ಚುನಾವಣೆಯಲ್ಲಿ ನಮ್ಮ ರಾಜ್ಯವು 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತ್ತು. ದೇಶದ ಗಾಳಿ ಬೀಸಿದತ್ತ ವಾಲುವ ಪೈರು ನಮ್ಮ ಮತದಾರನಲ್ಲವೆಂಬುದಕ್ಕೆ ಅದೊಂದು ಮುನ್ಸೂಚನೆ.

ಆದರೆ ನಿಜವಾದ ಪಾಠ ದೊರೆತದ್ದು 1984-85ರಲ್ಲಿ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. 224 ಸದಸ್ಯರ ಸಭೆಯಲ್ಲಿ ಜನತಾ ಪಕ್ಷಕ್ಕಿದ್ದುದು 95 ಸ್ಥಾನ. ಉಳಿದವರ ಬೆಂಬಲದ ಊರುಗೋಲಿನ ಮೇಲೆ ನಿಂತ ಸರ್ಕಾರವದು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರ್‌ನ ಚುನಾವಣೆಯಲ್ಲಿ ರಾಜೀವ ಗಾಂಧಿಯವರ ಪಕ್ಷವು ದೇಶದಲ್ಲಿ ನಾನೂರಕ್ಕೂ ಮಿಕ್ಕ ಸ್ಥಾನಗಳನ್ನು ಪಡೆಯಿತು. ಕರ್ನಾಟಕದ 28ರಲ್ಲಿ 24 ಅವರ ಪಾಲಾಗಿ, ಜನತಾ ಪಕ್ಷಕ್ಕೆ ನಾಲ್ಕು ಮಾತ್ರ ಉಳಿದವು.

ಹೆಗಡೆಯವರು ರಾಜೀನಾಮೆ ನೀಡಬೇಕೆಂದು ಸಂವಿಧಾನದ ಯಾವ ವಿಧಿಯೂ ಹೇಳಿರಲಿಲ್ಲ. ವಿಧಾನಸಭೆಯಲ್ಲಿ ಅವರು ಸೋತಿರಲಿಲ್ಲ. ಆದರೂ ನೈತಿಕ ಹೊಣೆ ಹೊತ್ತು ಪದತ್ಯಾಗ ಮಾಡಿ, ಸಭೆಯನ್ನು ವಿಸರ್ಜಿಸಿ ಜನರ ಬಳಿಗೆ ಹೋಗಲು ಅನುಮತಿ ಬೇಡಿದರು. ಇದರಲ್ಲಿ ನೀತಿಯಷ್ಟೇ ರಾಜಕೀಯ ಜಾಣ್ಮೆಯೂ ಇತ್ತೆಂದು ಹೇಳಿದರೆ ಆ ಧೀಮಂತರಿಗೆ ಅಪಚಾರವಾಗದು. ಊರುಗೋಲಿನ ಸರ್ಕಾರವನ್ನು ಎಳೆಯುತ್ತ ಕೂಡುವುದಕ್ಕಿಂತ ಪರೀಕ್ಷೆಗೆ ಕೂಡುವುದು ಮೇಲೆಂದು ಅವರು ಬಗೆದಿರಬೇಕು. 1985ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಎರಡೂವರೆ ತಿಂಗಳ ಹಿಂದೆ ಕಾಂಗ್ರೆಸ್ಸಿಗೆ 24 ಲೋಕಸಭಾ ಸ್ಥಾನಗಳನ್ನು ಕೊಟ್ಟ ಜನರೇ ಈಗ ಜನತಾ ಪಕ್ಷಕ್ಕೆ 139 ವಿಧಾನಸಭಾ ಸ್ಥಾನಗಳನ್ನು ಕೊಟ್ಟರು.

ಮತದಾರನು ಚಂಚಲನೆಂದು ಆಗ ಕೆಲವರು ಮೂದಲಿಸಿದ್ದುಂಟು. ಈ ಲೇಖಕನಿಗೆ ಹಾಗೆ ತೋರುವುದಿಲ್ಲ. ಡಿಸೆಂಬರ್‌ನಲ್ಲಿ ಅವನ ಮುಂದಿದ್ದುದು ದೇಶದ ಐಕ್ಯದ ಪ್ರಶ್ನೆ. ಮಾರ್ಚ್‌ನಲ್ಲಿ ಇದ್ದುದು ಊರಿನ ಬೋರ್‌ವೆಲ್ಲಿನ ಪ್ರಶ್ನೆ. ಆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಜನರು ‘ನೀರ್ ಸಾಬ್’ ಎಂದೇ ಕರೆದರು. ಮಳೆ ಕೈಕೊಟ್ಟರೆ ಕೆರೆಯ ತಳ ಬಿರಿಯುವ ಕೊರಟಗೆರೆ, ಮಧುಗಿರಿ, ಪಾವಗಡಗಳಂಥ ಸೀಮೆಯಲ್ಲಿ ಆ ಹೆಸರಿನ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಅಧ್ಯಾಯವೂ ಕರ್ನಾಟಕದ್ದೇ. 1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಡಳಿತವನ್ನು ಹೇರಲಾಯಿತು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡಿರೆಂದು ಅವರು ಕೇಳಿದರೂ ರಾಜ್ಯಪಾಲರು ಕೊಡಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದು, ಅನ್ಯಾಯಕ್ಕೊಳಗಾದ ಪಕ್ಷವೇ ನೆಲಕಚ್ಚಿತು. ಕಾಂಗ್ರೆಸ್ಸಿಗೆ ವಿಧಾನಸಭೆಯಲ್ಲಿ 178, ಲೋಕಸಭೆಯಲ್ಲಿ 27 ಸ್ಥಾನ. ಆದರೆ ಬೊಮ್ಮಾಯಿಯವರು ಮೊಕದ್ದಮೆಯನ್ನು ಬಿಡಲಿಲ್ಲ. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತವನ್ನು ಅಳೆಯುವ ಸ್ಥಳ ರಾಜಭವನವಲ್ಲ, ಸದನ ಎಂಬ ನಿಯಮವನ್ನು ಸ್ಥಿರಪಡಿಸಿತು. 356ನೆಯ ವಿಧಿಯ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದೂ ಹೇಳಿತು. ಲೋಕಸಭಾ ಚುನಾವಣೆಯಲ್ಲಿ ಸೋತುದೊಂದೇ ರಾಜ್ಯ ಸರ್ಕಾರವನ್ನು ಕಿತ್ತೊಗೆಯಲು ಕಾರಣವಾಗದೆಂದು ಸರ್ಕಾರಿಯಾ ಆಯೋಗವು ಅದಕ್ಕೆ ಮೊದಲೇ ಅಭಿಪ್ರಾಯಪಟ್ಟಿತ್ತು. ಜಗಲಿಕಟ್ಟೆಯ ಪ್ರಶ್ನೆಗೆ ಕಾನೂನಿನ ಉತ್ತರ ಇದು.

ಕಾನೂನು ಒಂದು ಬಾಗಿಲನ್ನು ಮುಚ್ಚಿದರೆ ರಾಜಕೀಯವು ಕಿಟಕಿಯನ್ನು ಹುಡುಕುತ್ತದೆ. 2019ರ ಮೇ ತಿಂಗಳ ಲೋಕಸಭಾ ಫಲಿತಾಂಶದಲ್ಲಿ ಭಾರತೀಯ ಜನತಾ ಪಕ್ಷವು ರಾಜ್ಯದ 28ರಲ್ಲಿ 25 ಸ್ಥಾನಗಳನ್ನು ಗೆದ್ದಿತು. ತುಮಕೂರಿನಲ್ಲಿ ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರೇ ಪರಾಭವಗೊಂಡರು. ರಾಷ್ಟ್ರಪತಿ ಆಡಳಿತದ ಮಾತೇ ಬರಲಿಲ್ಲ. ಆಡಳಿತ ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಜುಲೈ 23ರಂದು ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರವು 99ಕ್ಕೆ 105 ಮತಗಳಿಂದ ಸದನದಲ್ಲೇ ಬಿದ್ದಿತು. ಬೊಮ್ಮಾಯಿ ತೀರ್ಪಿನ ಅಕ್ಷರ ಪಾಲನೆಯಾಯಿತು. ಅದರ ಆಶಯದ ಗತಿಯೇನಾಯಿತೆಂಬುದನ್ನು ವಾಚಕರೇ ನಿರ್ಣಯಿಸಲಿ.

ನಮ್ಮ ಸುತ್ತಿನ ನಾಲ್ಕು ತಾಲ್ಲೂಕುಗಳು ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಕೊರಟಗೆರೆ, ಮಧುಗಿರಿಗಳು ತುಮಕೂರಿಗೆ, ಸಿರಾ, ಪಾವಗಡಗಳು ಚಿತ್ರದುರ್ಗಕ್ಕೆ. 2023ರ ಮೇ ತಿಂಗಳಲ್ಲಿ ಈ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಕಾಂಗ್ರೆಸ್ ಶಾಸಕರನ್ನು ಆರಿಸಿದವು. ಮರುವರ್ಷವೇ ತುಮಕೂರು, ಚಿತ್ರದುರ್ಗಗಳೆರಡೂ ಭಾರತೀಯ ಜನತಾ ಪಕ್ಷದ ಸಂಸದರನ್ನು ಕಳುಹಿಸಿದವು. ಇದರ ಫಲಾಫಲಗಳು ನಮ್ಮ ಮನೆಯಂಗಳಕ್ಕೇ ಬರುತ್ತವೆ. ಸಿರಾ, ಪಾವಗಡಗಳಿಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆ ರಾಜ್ಯದ್ದು. ಅದಕ್ಕೆ 2023ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ 5,300 ಕೋಟಿ ರೂಪಾಯಿ ದೆಹಲಿಯದು. ಆ ಹಣದ ಬಿಡುಗಡೆಯ ಕುರಿತು ಎರಡು ಸರ್ಕಾರಗಳ ನಡುವೆ ದೀರ್ಘ ವಾಗ್ವಾದ ನಡೆಯಿತು. ಎರಡು ತೀರ್ಪು ಕೊಡುವ ಮತದಾರನು ಇಂಥ ಜಗ್ಗಾಟದ ಬೆಲೆಯನ್ನೂ ತೆರಬೇಕಾಗುತ್ತದೆ. ಎರಡೂ ಕಡೆ ಒಂದೇ ಪಕ್ಷವಿದ್ದರೆ ಅನುಕೂಲವೆಂಬ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಆದರೆ ಹಾಗಿದ್ದ ವರ್ಷಗಳಲ್ಲಿಯೂ ನಮ್ಮ ಕಾಲುವೆಗಳಲ್ಲಿ ನೀರು ಹರಿಯಲಿಲ್ಲವೆಂಬುದನ್ನು ಮರೆಯುವಂತಿಲ್ಲ.

2024ರ ಡಿಸೆಂಬರ್‌ನಲ್ಲಿ ಲೋಕಸಭೆಗೂ ವಿಧಾನಸಭೆಗಳಿಗೂ ಏಕಕಾಲಕ್ಕೆ ಚುನಾವಣೆ ನಡೆಸುವ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಮಂಡಿಸಿ ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಒಂದೇ ದಿನ ಮತ ಹಾಕಿದರೆ ಜನರು ಎರಡೂ ಕಡೆ ಒಂದೇ ಪಕ್ಷಕ್ಕೆ ಹಾಕುವರೇ? 1989ರ ಕರ್ನಾಟಕವು ಹೌದೆನ್ನುತ್ತದೆ. ಒಟ್ಟಿಗೇ ಚುನಾವಣೆ ನಡೆದ 2004ರ ಕರ್ನಾಟಕವು ಭಾರತೀಯ ಜನತಾ ಪಕ್ಷಕ್ಕೆ 28ರಲ್ಲಿ 18 ಲೋಕಸಭಾ ಸ್ಥಾನಗಳನ್ನು ಕೊಟ್ಟರೂ ವಿಧಾನಸಭೆಯಲ್ಲಿ 79ಕ್ಕೇ ನಿಲ್ಲಿಸಿತು. ಆದರೆ 2004ರಲ್ಲಿ 1984ರಂಥ ಶೋಕದ ಅಲೆ ಇರಲಿಲ್ಲ. ಆ ಡಿಸೆಂಬರ್‌ನಲ್ಲಿ ಎರಡೂ ಮತಪತ್ರಗಳನ್ನು ಒಮ್ಮೆಲೇ ಕೈಗಿತ್ತಿದ್ದರೆ 139 ಸ್ಥಾನಗಳ ಸರ್ಕಾರ ಹುಟ್ಟುತ್ತಿತ್ತೇ ಎಂಬುದನ್ನು ಪ್ರೌಢ ತರಗತಿಯ ವಿದ್ಯಾರ್ಥಿಗಳ ಮುಂದಿಟ್ಟು, ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಚರ್ಚಿಸಬಹುದು.